ಆರೋಗ್ಯ ಸಂಶೋಧನೆಯಲ್ಲಿ ಸ್ವಯಂಸೇವಕರಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಧ್ಯಯನಕ್ಕೆ ಸೇರುವುದು ಅಂದರೆ ಹೊಸ ಔಷಧವನ್ನು ಮೈಮೇಲೆ ಪ್ರಯೋಗ ಮಾಡಿಸಿಕೊಳ್ಳುವುದೇ?

ಅದು ಒಂದು ಬಗೆ ಮಾತ್ರ. ಮಾತ್ರೆಯೂ ಇಲ್ಲದ, ಸೂಜಿಯೂ ಇಲ್ಲದ ಅಧ್ಯಯನಗಳು ಬೇಕಾದಷ್ಟಿವೆ. ಪ್ರಶ್ನಾವಳಿ ತುಂಬುವುದು, ಒಂದು ವಾರ ಕೈಗೆ ಸೆನ್ಸರ್ ಕಟ್ಟಿಕೊಂಡು ನಿದ್ದೆ ದಾಖಲಿಸುವುದು, ವರ್ಷಕ್ಕೊಮ್ಮೆ ಹೋಗಿ ತೂಕ, ಬಿಪಿ, ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುವುದು, ಇವೆಲ್ಲವೂ ಸಂಶೋಧನೆಯೇ. ಇಂಥವನ್ನು ವೀಕ್ಷಣಾ ಅಧ್ಯಯನ ಎನ್ನುತ್ತಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಶುರುವಾದ ಅಧ್ಯಯನ ಇದಕ್ಕೆ ದೊಡ್ಡ ಉದಾಹರಣೆ. ಆ ಊರಿನ 5,209 ಮಂದಿಯನ್ನು ದಶಕಗಟ್ಟಲೆ ಗಮನಿಸುತ್ತಾ ಬಂದದ್ದರಿಂದಲೇ ಅಧಿಕ ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನಕ್ಕೂ ಹೃದ್ರೋಗಕ್ಕೂ ಇರುವ ನಂಟು ಖಚಿತವಾಯಿತು.

ಸಂಶೋಧಕರು ಔಷಧ, ಲಸಿಕೆ, ಉಪಕರಣ, ವ್ಯಾಯಾಮ ಅಥವಾ ಪಥ್ಯ ಕೊಟ್ಟು ಪರಿಣಾಮ ನೋಡಿದರೆ ಅದು ಕ್ಲಿನಿಕಲ್ ಟ್ರಯಲ್. ವೀಕ್ಷಣಾ ಅಧ್ಯಯನದಲ್ಲಿ ಮುಖ್ಯವಾಗಿ ಯೋಚಿಸಬೇಕಾದ್ದು ನಿಮ್ಮ ಮಾಹಿತಿಯ ಗೋಪ್ಯತೆ. ಟ್ರಯಲ್‌ನಲ್ಲಿ ಅದರ ಜೊತೆಗೆ ದೇಹಕ್ಕಾಗಬಹುದಾದ ಅಪಾಯವೂ ಲೆಕ್ಕಕ್ಕೆ ಬರುತ್ತದೆ. ಕರೆ ಬಂದ ಕೂಡಲೇ ಇದು ಯಾವ ಬಗೆಯದು ಎಂದು ಕೇಳಿಬಿಡಿ.

ಹಂತ 1, ಹಂತ 2 ಎನ್ನುತ್ತಾರಲ್ಲ, ಏನು ವ್ಯತ್ಯಾಸ?

ಹಂತ 1ರಲ್ಲಿ ಸಾಮಾನ್ಯವಾಗಿ 20ರಿಂದ 100 ಮಂದಿ ಇರುತ್ತಾರೆ, ಬಹುಪಾಲು ಆರೋಗ್ಯವಂತರು. ಔಷಧವನ್ನು ಮನುಷ್ಯರ ದೇಹ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ, ಅದು ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಕ್ಯಾನ್ಸರ್ ಔಷಧಗಳಂಥ ಕಟುವಾದವನ್ನು ಮಾತ್ರ ಈ ಹಂತದಲ್ಲೂ ರೋಗಿಗಳಿಗೇ ಕೊಡುತ್ತಾರೆ. ಹಂತ 2ರಲ್ಲಿ ಕೆಲವು ನೂರು ರೋಗಿಗಳಿಗೆ ಕೊಟ್ಟು, ಔಷಧ ಕೆಲಸ ಮಾಡುವ ಸೂಚನೆ ಇದೆಯೇ, ಯಾವ ಪ್ರಮಾಣ ಸರಿ ಎಂದು ನೋಡುತ್ತಾರೆ. ಹಂತ 3ರಲ್ಲಿ ನೂರಾರು, ಸಾವಿರಾರು ಮಂದಿಯಲ್ಲಿ ಈಗಿರುವ ಚಿಕಿತ್ಸೆ ಅಥವಾ ಪ್ಲಸೀಬೊ (ಔಷಧವಿಲ್ಲದ ಮಾತ್ರೆ) ಜೊತೆ ಹೋಲಿಕೆ ನಡೆಯುತ್ತದೆ. 2020ರ ಕೋವಿಡ್ ಲಸಿಕೆ ಟ್ರಯಲ್‌ಗಳಲ್ಲಿ ಈ ಸಂಖ್ಯೆ ಹತ್ತಾರು ಸಾವಿರಕ್ಕೆ ಏರಿತ್ತು. ಹಂತ 4 ಔಷಧ ಮಾರುಕಟ್ಟೆಗೆ ಬಂದ ಮೇಲಿನ ನಿಗಾ.

ಹಂತ 1ರಲ್ಲಿ ಆರೋಗ್ಯವಂತರಿಗೆ ವೈದ್ಯಕೀಯವಾಗಿ ಸಿಗುವ ಲಾಭ ಸೊನ್ನೆ. ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆದೇ ಇರುತ್ತಾರೆ. ಬರೆದಿಲ್ಲವಾದರೆ ಯಾಕೆ ಬರೆದಿಲ್ಲ ಎಂದು ಕೇಳಿ.

ನನಗೆ ಕಾಯಿಲೆ ಇದೆ. ಟ್ರಯಲ್‌ಗೆ ಸೇರಿದರೆ ಹೊಸ, ಒಳ್ಳೆಯ ಚಿಕಿತ್ಸೆ ಸಿಕ್ಕಂತಲ್ಲವೇ?

ಹೊಸದು ಎಂಬುದು ನಿಜ. ಒಳ್ಳೆಯದು ಹೌದೋ ಅಲ್ಲವೋ ಯಾರಿಗೂ ಗೊತ್ತಿಲ್ಲ, ಗೊತ್ತಿದ್ದರೆ ಟ್ರಯಲ್ ನಡೆಸಬೇಕಾಗಿಯೇ ಇರಲಿಲ್ಲ. ಸ್ವಯಂಸೇವಕರು ಅತಿ ಹೆಚ್ಚು ಎಡವುವುದು ಇಲ್ಲೇ. ಬಿಳಿ ಕೋಟು, ಆಸ್ಪತ್ರೆಯ ವಾಸನೆ, ತಿಂಗಳಿಗೊಮ್ಮೆ ತಪಾಸಣೆ ಎಲ್ಲವೂ ಚಿಕಿತ್ಸೆಯಂತೆಯೇ ಕಾಣುತ್ತವೆ. ಆದರೆ ನಿಮ್ಮ ವೈದ್ಯರು ನಿಮಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಔಷಧ ಬದಲಿಸುತ್ತಾರೆ. ಟ್ರಯಲ್‌ನಲ್ಲಿ ಔಷಧ, ಪ್ರಮಾಣ, ಭೇಟಿಯ ದಿನ ಎಲ್ಲವನ್ನೂ ಪ್ರೋಟೊಕಾಲ್ ಎಂಬ ದಾಖಲೆ ಮೊದಲೇ ತೀರ್ಮಾನಿಸಿರುತ್ತದೆ. ಅದರ ಗುರಿ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು.

ಹೃದಯಾಘಾತವಾದವರಲ್ಲಿ ಬಡಿತದ ಏರುಪೇರು ತಗ್ಗಿಸುವ ಔಷಧಗಳು ಜೀವ ಉಳಿಸುತ್ತವೆ ಎಂದು ವೈದ್ಯರು 1980ರ ದಶಕದಲ್ಲಿ ನಂಬಿದ್ದರು. ಇಸಿಜಿಯಲ್ಲಿ ಏರುಪೇರು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತಿತ್ತು. ಕಾಸ್ಟ್ ಎಂಬ ಟ್ರಯಲ್ ನಡೆದಾಗ ಔಷಧ ಪಡೆದವರಲ್ಲೇ ಸಾವು ಹೆಚ್ಚಿರುವುದು ಗೊತ್ತಾಗಿ, 1989ರಲ್ಲಿ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಕೊಡುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಪ್ಲಸೀಬೊ ಸಿಕ್ಕವರೇ ಅಲ್ಲಿ ಅದೃಷ್ಟವಂತರು.

ಪ್ಲಸೀಬೊ ಅಂದರೆ ಮೋಸವಲ್ಲವೇ?

ಮುಂಚೆಯೇ ಹೇಳಿ ಒಪ್ಪಿಗೆ ಪಡೆದಿದ್ದರೆ ಮೋಸವಲ್ಲ. ಪ್ಲಸೀಬೊ ಎಂದರೆ ನೋಡಲು ಔಷಧದಂತೆಯೇ ಇದ್ದು ಒಳಗೆ ಔಷಧವಿಲ್ಲದ ಮಾತ್ರೆ ಅಥವಾ ಚುಚ್ಚುಮದ್ದು. ಪ್ಲಸೀಬೊ ಸಿಗುವ ಸಾಧ್ಯತೆ ಎಷ್ಟು ಎಂಬುದು, ಅಂದರೆ ಇಬ್ಬರಲ್ಲಿ ಒಬ್ಬರಿಗೋ ಮೂವರಲ್ಲಿ ಒಬ್ಬರಿಗೋ ಎಂಬುದು, ಒಪ್ಪಿಗೆ ಪತ್ರದಲ್ಲಿ ಇರಲೇಬೇಕು. ಪರಿಣಾಮಕಾರಿ ಚಿಕಿತ್ಸೆ ಈಗಾಗಲೇ ಇರುವ ಗಂಭೀರ ಕಾಯಿಲೆಗೆ ಬರೀ ಪ್ಲಸೀಬೊ ಕೊಟ್ಟು ರೋಗಿಯನ್ನು ಅಪಾಯಕ್ಕೆ ದೂಡುವಂತಿಲ್ಲ. ಅಂಥ ಕಡೆ ಇರುವ ಚಿಕಿತ್ಸೆಯನ್ನು ಎರಡೂ ಗುಂಪಿಗೆ ಕೊಟ್ಟು, ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಪ್ಲಸೀಬೊ ಸೇರಿಸುವುದು ರೂಢಿ.

ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ವೈದ್ಯರ ಕೈಗೆ ಬಿಟ್ಟರೆ ತಮಗರಿವಿಲ್ಲದೆಯೇ ಗಟ್ಟಿಮುಟ್ಟಾದವರನ್ನು ಒಂದು ಕಡೆಗೆ ಹಾಕಿಬಿಡುತ್ತಾರೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿ 1948ರಲ್ಲಿ ಪ್ರಕಟವಾದ ಬ್ರಿಟಿಷ್ ಟ್ರಯಲ್‌ನಲ್ಲಿ 107 ರೋಗಿಗಳನ್ನು ಮೊಹರು ಹಾಕಿದ ಲಕೋಟೆಗಳ ಮೂಲಕ ಹಂಚಲಾಗಿತ್ತು. ವಿಧಾನದ ತಿರುಳು ಇಂದಿಗೂ ಅದೇ.

ನನಗೆ ಬಂದದ್ದು ಔಷಧವೋ ಪ್ಲಸೀಬೊವೋ ಎಂದು ಪತ್ತೆ ಹಚ್ಚಿದರೆ ಏನು ತೊಂದರೆ?

ನಿಮಗೇನೂ ಆಗುವುದಿಲ್ಲ, ಅಧ್ಯಯನ ಹಾಳಾಗುತ್ತದೆ. ವಿಟಮಿನ್ ಸಿ ನೆಗಡಿಯನ್ನು ತಡೆಯುತ್ತದೆಯೇ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನೌಕರರಲ್ಲೇ ಒಂದು ಟ್ರಯಲ್ ನಡೆಯಿತು. ವರದಿ ಬಂದದ್ದು 1975ರಲ್ಲಿ. ಪ್ಲಸೀಬೊ ಕ್ಯಾಪ್ಸೂಲ್‌ನಲ್ಲಿ ಇದ್ದದ್ದು ಲ್ಯಾಕ್ಟೋಸ್ ಸಕ್ಕರೆ. ಕುತೂಹಲ ತಡೆಯಲಾರದ ಕೆಲವರು ಕ್ಯಾಪ್ಸೂಲ್ ಬಿಚ್ಚಿ ನಾಲಿಗೆಗೆ ತಾಗಿಸಿ ನೋಡಿದರು. ಹುಳಿಯಿದ್ದರೆ ವಿಟಮಿನ್, ಸಿಹಿಯಿದ್ದರೆ ಸಕ್ಕರೆ. ಕೊನೆಗೆ ಲೆಕ್ಕ ಹಾಕಿದಾಗ, ತಮ್ಮ ಕ್ಯಾಪ್ಸೂಲ್ ಯಾವುದೆಂದು ಊಹಿಸಿದವರಲ್ಲಿ ಮಾತ್ರ ವಿಟಮಿನ್‌ನಿಂದ ನೆಗಡಿ ಬೇಗ ವಾಸಿಯಾದಂತೆ ಕಂಡಿತು, ಊಹಿಸದವರಲ್ಲಿ ಆ ಲಾಭ ಕಾಣಲಿಲ್ಲ.

ಹಾಗಾಗಿ ಮಾತ್ರೆಯ ರುಚಿ, ಬಣ್ಣ, ಅಡ್ಡಪರಿಣಾಮಗಳನ್ನು ಇತರ ಸ್ವಯಂಸೇವಕರ ಜೊತೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳಬೇಡಿ. ತುರ್ತು ಸ್ಥಿತಿಯಲ್ಲಿ ನೀವು ಯಾವ ಗುಂಪಿನಲ್ಲಿದ್ದೀರಿ ಎಂದು ತಿಳಿಯಲು ವೈದ್ಯರಿಗೆ ಬೇರೆ ದಾರಿ ಇರುತ್ತದೆ. ಅದಕ್ಕೆಂದೇ ಕೊಟ್ಟಿರುವ ತುರ್ತು ಸಂಖ್ಯೆಯ ಚೀಟಿ ಸದಾ ಪರ್ಸಿನಲ್ಲಿರಲಿ, ಮನೆಯವರಿಗೂ ಅದರ ವಿಷಯ ಗೊತ್ತಿರಲಿ.

ಅಧ್ಯಯನ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ?

ಟ್ರಯಲ್ ಆಗಿದ್ದರೆ ಸಾರ್ವಜನಿಕ ನೋಂದಣಿ ಸಂಖ್ಯೆ ಕೇಳಿ. ಹಲವು ದೇಶಗಳಲ್ಲಿ ಇಂಥ ನೋಂದಣಿ ಕಡತ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಹುಡುಕು ತಾಣದಲ್ಲಿ ಇವುಗಳಲ್ಲಿ ಪ್ರಮುಖವಾದವನ್ನೆಲ್ಲ ಒಂದೇ ಕಡೆ ಜಾಲಾಡಬಹುದು. ಅಲ್ಲಿ ಅಧ್ಯಯನದ ಹೆಸರು, ನಡೆಸುವವರು, ಎಷ್ಟು ಮಂದಿ ಬೇಕು, ಯಾವುದನ್ನು ಅಳೆಯುತ್ತಾರೆ ಎಂಬ ವಿವರ ನಿಮಗೆ ಹೇಳಿದ್ದಕ್ಕೆ ತಾಳೆಯಾಗಬೇಕು. ಆಮೇಲೆ ಎಥಿಕ್ಸ್ ಕಮಿಟಿಯ ಅನುಮೋದನೆ ಸಂಖ್ಯೆ ಕೇಳಿ, ಜಾಹೀರಾತಿನಲ್ಲಿರುವ ಫೋನ್ ನಂಬರ್ ಬಿಟ್ಟು ಸಂಸ್ಥೆಯ ಮುಖ್ಯ ನಂಬರ್‌ಗೆ ಕರೆ ಮಾಡಿ ವಿಚಾರಿಸಿ.

ಸೇರಲು ನೋಂದಣಿ ಶುಲ್ಕ ಕೇಳಿದರೆ, ಒಟಿಪಿ ಅಥವಾ ಬ್ಯಾಂಕ್ ಪಾಸ್‌ವರ್ಡ್ ಕೇಳಿದರೆ, ‘ಖಂಡಿತ ಗುಣವಾಗುತ್ತದೆ’ ಎಂದರೆ, ಇವತ್ತೇ ಸಹಿ ಹಾಕಿ ಎಂದು ಅವಸರ ಮಾಡಿದರೆ ಅಲ್ಲಿಂದ ಎದ್ದು ಬನ್ನಿ.

ಎಥಿಕ್ಸ್ ಕಮಿಟಿ ಮಾಡುವುದೇನು?

ಅಧ್ಯಯನ ಶುರುವಾಗುವ ಮೊದಲೇ ಪ್ರೋಟೊಕಾಲ್, ಒಪ್ಪಿಗೆ ಪತ್ರ, ಜಾಹೀರಾತು, ಕೊಡುವ ಹಣ ಎಲ್ಲವನ್ನೂ ಓದಿ ಒಪ್ಪುವ, ತಿದ್ದಿಸುವ ಅಥವಾ ತಿರಸ್ಕರಿಸುವ ಗುಂಪು ಇದು. ವೈದ್ಯರ ಜೊತೆಗೆ ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ಸದಸ್ಯರೂ ಇರುತ್ತಾರೆ. ಸಂಶೋಧಕರ ಮೇಲೆ ದೂರಿದ್ದರೆ ಇವರಿಗೆ ನೇರವಾಗಿ ಹೇಳಬಹುದು.

ಇಂಥ ಕಾವಲು ಸುಮ್ಮನೆ ಹುಟ್ಟಿದ್ದಲ್ಲ. ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆ, ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆಯನ್ನೇ ಮೊದಲ ಷರತ್ತಾಗಿ ಇಟ್ಟಿತು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ ಬಂತು; 2024ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದ್ದಾರೆ. ಅತ್ತ ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸುಮಾರು 400 ಕಪ್ಪು ಜನಾಂಗದ ಸಿಫಿಲಿಸ್ ರೋಗಿಗಳಿಗೆ ಅವರ ಕಾಯಿಲೆ ಏನೆಂದೇ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ಸರ್ಕಾರಿ ಸಂಶೋಧಕರು ನೋಡುತ್ತಾ ಕೂತರು. ಅದು ಬಯಲಾದ ಮೇಲೆಯೇ ಅಲ್ಲಿ ಕಟ್ಟುನಿಟ್ಟಿನ ಕಾನೂನು ಬಂದದ್ದು.

ಒಪ್ಪಿಗೆ ಪತ್ರ ಇಪ್ಪತ್ತು ಪುಟ ಇದೆ. ಪೂರ್ತಿ ಓದಬೇಕೇ?

ಓದಬೇಕು, ಆದರೆ ಅಲ್ಲೇ ಕುಳಿತು ಓದಬೇಕಿಲ್ಲ. ಮನೆಗೆ ಒಯ್ದು ಓದಿ, ನಿಮ್ಮ ಮಾಮೂಲಿ ವೈದ್ಯರಿಗೆ ತೋರಿಸಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇಲ್ಲದಿದ್ದರೆ ಕನ್ನಡದ ಪ್ರತಿ ಕೇಳಿ. ಓದಲು ಬಾರದವರಿಗೆ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು, ಆ ಸಾಕ್ಷಿ ಅಧ್ಯಯನ ತಂಡದವರಾಗಿರಬಾರದು.

ಓದುವಾಗ ಪೆನ್ನು ಹಿಡಿದು ಇವುಗಳಿಗೆ ಗುರುತು ಹಾಕಿಕೊಳ್ಳಿ:

- ಒಟ್ಟು ಎಷ್ಟು ಭೇಟಿ, ಪ್ರತಿ ಭೇಟಿಗೆ ಎಷ್ಟು ಗಂಟೆ, ರಾತ್ರಿ ತಂಗಬೇಕೇ
- ಈಗ ತೆಗೆದುಕೊಳ್ಳುತ್ತಿರುವ ಯಾವ ಔಷಧ ನಿಲ್ಲಿಸಬೇಕು, ನಿಲ್ಲಿಸಿದಾಗ ಏನಾಗಬಹುದು
- ಯಾವ ಪರೀಕ್ಷೆಗಳು ಸಂಶೋಧನೆಗಾಗಿ ಮಾತ್ರ, ಯಾವುವು ಹೇಗಿದ್ದರೂ ಮಾಡಿಸಬೇಕಾದವು, ಖರ್ಚು ಯಾರದು
- ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರು ಕೊಡುತ್ತಾರೆ, ಎಷ್ಟು ಕಾಲದವರೆಗೆ
- ರಕ್ತ ಮತ್ತು ಮಾಹಿತಿಯನ್ನು ಮುಂದೆ ಬೇರೆ ಅಧ್ಯಯನಕ್ಕೆ ಬಳಸುತ್ತಾರೆಯೇ
- ಟ್ರಯಲ್ ಮುಗಿದ ಮೇಲೆ ಔಷಧ ಮುಂದುವರಿಯುತ್ತದೆಯೇ

ಕೊನೆಯದನ್ನು ಜನ ಕೇಳುವುದೇ ಇಲ್ಲ. ದೀರ್ಘಕಾಲದ ಕಾಯಿಲೆಯವರಿಗೆ ಔಷಧ ಚೆನ್ನಾಗಿ ಒಗ್ಗಿದಾಗ ಟ್ರಯಲ್ ಮುಗಿದು, ಮಾರುಕಟ್ಟೆಯಲ್ಲಿ ಅದು ಇನ್ನೂ ಸಿಗದೆ ಇದ್ದರೆ ಬಹಳ ಕಷ್ಟವಾಗುತ್ತದೆ.

ಸಹಿ ಹಾಕಿದ, ದಿನಾಂಕವಿರುವ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ನಡುವೆ ಹೊಸ ಅಪಾಯ ಗೊತ್ತಾದರೆ ಪತ್ರ ಬದಲಾಗುತ್ತದೆ, ಮತ್ತೆ ಸಹಿ ಕೇಳುತ್ತಾರೆ. ಆಗಲೂ ಅಷ್ಟೇ ನಿಧಾನವಾಗಿ ಓದಿ.

ಆರೋಗ್ಯವಾಗಿಯೇ ಇದ್ದೇನೆ, ಆದರೂ ಸ್ಕ್ರೀನಿಂಗ್‌ನಲ್ಲಿ ತಿರಸ್ಕರಿಸಿದರು. ಯಾಕೆ?

ಸ್ಕ್ರೀನಿಂಗ್‌ನಲ್ಲಿ, ಅಂದರೆ ಸೇರಿಸಿಕೊಳ್ಳುವ ಮೊದಲಿನ ತಪಾಸಣೆಯಲ್ಲಿ, ಬಿದ್ದುಹೋಗುವುದು ಮಾಮೂಲು. ವಯಸ್ಸು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ), ರಕ್ತದ ಅಂಶಗಳಿಗೆ ಮೇಲಿನ ಮತ್ತು ಕೆಳಗಿನ ಮಿತಿ ನಿಗದಿಯಾಗಿರುತ್ತದೆ. ಒಂದು ಅಂಕಿ ಆಚೆ ಹೋದರೂ ಸೇರಿಸಿಕೊಳ್ಳುವಂತಿಲ್ಲ. ಕಾಯಿಲೆಯಿಲ್ಲದೆಯೂ ಅಂಕಿಗಳು ಏರುವ ಕಾರಣಗಳಿವೆ:

ಜಿಮ್‌ನಲ್ಲಿ ಭಾರ ಎತ್ತಿ ಬಂದರೆ ಸ್ನಾಯುಗಳಿಂದ ಸಿಕೆ, ಎಎಸ್‌ಟಿ, ಎಎಲ್‌ಟಿ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ರೂಢಿಯಿಲ್ಲದವರು ಒಮ್ಮೆಲೇ ಕಸರತ್ತು ಮಾಡಿದರೆ ಒಂದು ವಾರವಾದರೂ ಇಳಿಯದೆ ಇರಬಹುದು, ಲಿವರ್ ತೊಂದರೆ ಇದ್ದಂತೆಯೇ ವರದಿ ಬರುತ್ತದೆ. ಕ್ರಿಯಾಟಿನ್ ಪುಡಿ ಸೇವಿಸುವವರ ರಕ್ತದಲ್ಲಿ, ಕಿಡ್ನಿ ಪರೀಕ್ಷೆಗೆಂದು ಅಳೆಯುವ ಕ್ರಿಯಾಟಿನಿನ್ ಏರಿ ಕಿಡ್ನಿ ದುರ್ಬಲವಾದಂತೆ ತೋರುತ್ತದೆ. ಕೂದಲು, ಉಗುರಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಥೈರಾಯ್ಡ್‌ನಂಥ ಕೆಲವು ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ. ಗಡಿಬಿಡಿಯಲ್ಲಿ ಮೆಟ್ಟಿಲು ಹತ್ತಿ ಬಂದು ಕೂತರೆ ಬಿಪಿ ಹೆಚ್ಚು ಬರುತ್ತದೆ. ಹಿಂದಿನ ದಿನ ನೀರು ಕುಡಿಯದೆ ಬಂದರೆ ನರ ಸಿಗುವುದಿಲ್ಲ.

ಇದನ್ನೆಲ್ಲ ತಪ್ಪಿಸಲು ಸ್ಕ್ರೀನಿಂಗ್‌ಗೆ ಒಂದು ವಾರ ಮೊದಲಿನಿಂದ ಕಠಿಣ ವ್ಯಾಯಾಮ ಬಿಡಿ, ಹೇಳಿದಷ್ಟು ಗಂಟೆ ಉಪವಾಸವಿರಿ (ನೀರಿಗೆ ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ), ಅರ್ಧ ಗಂಟೆ ಮುಂಚೆ ಹೋಗಿ ಕೂತಿರಿ. ವೈದ್ಯರು ಬರೆದುಕೊಟ್ಟ ಔಷಧವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ತೆಗೆದುಕೊಳ್ಳುತ್ತಿರುವ ಮಾತ್ರೆಯೊಂದನ್ನು ಹೇಳದೆ ಬಿಟ್ಟರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಗಿಡಮೂಲಿಕೆ, ನೋವಿನ ಮಾತ್ರೆ, ಗರ್ಭನಿರೋಧಕ, ಪ್ರೋಟೀನ್ ಪುಡಿ, ಧೂಮಪಾನ, ಮದ್ಯ ಎಲ್ಲವನ್ನೂ ಹೇಳಿ. ಎರಡು ಔಷಧಗಳು ಲಿವರ್‌ನ ಒಂದೇ ಕಿಣ್ವವನ್ನು ಅವಲಂಬಿಸಿದ್ದರೆ ಒಂದು ಇನ್ನೊಂದರ ಮಟ್ಟವನ್ನು ಹಲವು ಪಟ್ಟು ಏರಿಸಬಲ್ಲದು. ಗ್ರೇಪ್‌ಫ್ರೂಟ್ ರಸವೂ ಕೆಲವು ಔಷಧಗಳಿಗೆ ಹೀಗೇ ಮಾಡುತ್ತದೆ, ಅದಕ್ಕೇ ಅದು ಹೆಚ್ಚಿನ ಪ್ರೋಟೊಕಾಲ್‌ಗಳ ನಿಷೇಧ ಪಟ್ಟಿಯಲ್ಲಿದೆ.

ಒಂದು ಅಧ್ಯಯನ ಮುಗಿಯುವ ಮೊದಲೇ ಇನ್ನೊಂದಕ್ಕೆ ಗುಟ್ಟಾಗಿ ಸೇರುವುದು ಇದಕ್ಕಿಂತ ಕೆಟ್ಟದ್ದು. ಔಷಧದ ಅರ್ಧಾಯುಷ್ಯ ಎಂದರೆ ಅದರ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯುವ ಸಮಯ. ಐದು ಅರ್ಧಾಯುಷ್ಯ ಕಳೆದರೆ ಸುಮಾರು ಶೇ 97ರಷ್ಟು ಹೊರಹೋಗಿರುತ್ತದೆ. ಕೆಲವು ಔಷಧಗಳಿಗೆ ಇದು ಒಂದೇ ದಿನದ ಮಾತು, ಪ್ರತಿಕಾಯ (ಆ್ಯಂಟಿಬಾಡಿ) ಚುಚ್ಚುಮದ್ದುಗಳಿಗೆ ತಿಂಗಳುಗಳೇ ಬೇಕು. ಎರಡು ಅಧ್ಯಯನಗಳ ನಡುವೆ ಬಿಡುವು ಕಡ್ಡಾಯ ಮಾಡಿರುವುದು ಇದಕ್ಕೇ. ಹಣಕ್ಕಾಗಿ ಮುಚ್ಚಿಟ್ಟರೆ ಅಪಾಯ ನಿಮಗೆ ಮಾತ್ರವಲ್ಲ, ಆ ತಪ್ಪು ಅಂಕಿಯನ್ನು ನಂಬಿ ನಾಳೆ ಔಷಧ ನುಂಗುವವರಿಗೂ ಉಂಟು.

ಆರೋಗ್ಯವಂತರ ಔಷಧ ಅಧ್ಯಯನದಲ್ಲಿ ದಿನ ಹೇಗಿರುತ್ತದೆ?

ಜೆನೆರಿಕ್ ಮಾತ್ರೆಯನ್ನು ಮೂಲ ಮಾತ್ರೆಗೆ ಹೋಲಿಸುವ ಅಧ್ಯಯನವನ್ನೇ ನೋಡಿ. ಹಿಂದಿನ ಸಂಜೆ ದಾಖಲಾಗುತ್ತೀರಿ. ಬ್ಯಾಗು ತಪಾಸಣೆ, ಮೂತ್ರದಲ್ಲಿ ಮಾದಕ ವಸ್ತು ಪರೀಕ್ಷೆ, ಉಸಿರಿನಲ್ಲಿ ಮದ್ಯ ಪರೀಕ್ಷೆ ಆಗುತ್ತದೆ. ರಾತ್ರಿ ಊಟದ ನಂತರ ಸುಮಾರು 10 ಗಂಟೆ ಉಪವಾಸ. ಬೆಳಿಗ್ಗೆ ಮುಂಗೈಗೆ ಅಥವಾ ಮೊಣಕೈ ಬಳಿ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಿ, ನಿಗದಿತ ನಿಮಿಷಕ್ಕೆ, ಅಳತೆ ಮಾಡಿದ ನೀರಿನ ಜೊತೆ ಮಾತ್ರೆ ಕೊಡುತ್ತಾರೆ. ನುಂಗಿದಿರೋ ಇಲ್ಲವೋ ಎಂದು ಟಾರ್ಚ್ ಹಿಡಿದು ನಾಲಿಗೆಯ ಕೆಳಗೆ ನೋಡುತ್ತಾರೆ. ಬೇಸರಪಟ್ಟುಕೊಳ್ಳಬೇಡಿ, ಎಲ್ಲರಿಗೂ ಅಷ್ಟೇ.

ಆಮೇಲೆ ಮೊದಲ ಕೆಲವು ಗಂಟೆ ಹದಿನೈದು, ಮೂವತ್ತು ನಿಮಿಷಕ್ಕೊಮ್ಮೆ, ನಂತರ ಅಂತರ ಹೆಚ್ಚಿಸುತ್ತಾ ರಕ್ತ ತೆಗೆಯುತ್ತಾರೆ. ಊಟ, ನೀರು, ಮಲಗುವುದು ಎಲ್ಲಕ್ಕೂ ಗಡಿಯಾರವಿದೆ. ಕಾಫಿ, ಟೀ ಇಲ್ಲ. ದಿನಾ ಕುಡಿಯುವವರಿಗೆ ತಲೆನೋವು ಬರುತ್ತದೆ, ಅದು ಔಷಧದ ಅಡ್ಡಪರಿಣಾಮ ಎಂದು ದಾಖಲಾಗಿಬಿಡಬಹುದು. ಮೂರ್ನಾಲ್ಕು ದಿನ ಮೊದಲೇ ಕಾಫಿ ಇಳಿಸಿಕೊಂಡು ಬರುವುದು ಜಾಣತನ. ಬಿಡುವಿನ ಅವಧಿಯ ನಂತರ ಮತ್ತೆ ಬಂದು ಇನ್ನೊಂದು ಮಾತ್ರೆಯೊಂದಿಗೆ ಇದೆಲ್ಲ ಪುನರಾವರ್ತನೆ. ಎರಡನೇ ಸುತ್ತಿಗೆ ಬಾರದವರ ಮೊದಲ ಸುತ್ತಿನ ರಕ್ತ ಬಹುತೇಕ ವ್ಯರ್ಥವಾಗುತ್ತದೆ, ಯಾಕೆಂದರೆ ಹೋಲಿಕೆ ಒಬ್ಬರದೇ ದೇಹದೊಳಗೆ ನಡೆಯಬೇಕು.

ರಕ್ತ ಎಷ್ಟು ತೆಗೆಯುತ್ತಾರೆ? ತಲೆ ಸುತ್ತಿ ಬೀಳುತ್ತೇನೆ ಎಂಬ ಭಯ.

ಒಂದು ಟ್ಯೂಬ್‌ಗೆ ಸಾಮಾನ್ಯವಾಗಿ 3ರಿಂದ 6 ಮಿಲಿಲೀಟರ್. ಟ್ಯೂಬ್‌ಗಳ ಸಂಖ್ಯೆ ನೋಡಿ ಗಾಬರಿಯಾಗುವ ಬದಲು ಒಟ್ಟು ಎಷ್ಟು ಮಿಲಿಲೀಟರ್ ಎಂದು ಕೇಳಿ. ರಕ್ತದಾನದಲ್ಲಿ ಒಮ್ಮೆಗೆ 350ರಿಂದ 450 ಮಿಲಿಲೀಟರ್ ಕೊಡುತ್ತಾರೆ ಎಂಬುದು ಹೋಲಿಕೆಗೆ ನೆನಪಿರಲಿ. ಇತ್ತೀಚೆಗೆ ರಕ್ತದಾನ ಮಾಡಿದ್ದರೆ ಹೇಳಲೇಬೇಕು.

ತಲೆ ಸುತ್ತುವ ಅಭ್ಯಾಸವಿದ್ದರೆ ಮೊದಲೇ ತಿಳಿಸಿ, ಮಲಗಿಸಿಯೇ ತೆಗೆಯುತ್ತಾರೆ. ಸೂಜಿ ತೆಗೆದ ಮೇಲೆ ಮೊಣಕೈ ಮಡಚಬೇಡಿ. ಕೈ ನೇರ ಚಾಚಿ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ಮಡಚಿದರೆ ರಕ್ತ ಚರ್ಮದಡಿ ಹರಡಿ ವಾರಗಟ್ಟಲೆ ನೀಲಿಗಟ್ಟುತ್ತದೆ.

ಎಂಆರ್‌ಐ, ಎಕ್ಸ್‌ರೇ ಇದ್ದರೆ ವಿಕಿರಣದ ಅಪಾಯವಿಲ್ಲವೇ?

ಎಂಆರ್‌ಐಯಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ, ಬಲವಾದ ಅಯಸ್ಕಾಂತವಿದೆ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಕಣ್ಣಿಗೆ ಎಂದೋ ಸಿಡಿದ ಲೋಹದ ಚೂರು ಇದ್ದರೆ ಮುಚ್ಚಿಡಬೇಡಿ. ಸದ್ದು ವಿಪರೀತ, ಕಿವಿಗೆ ಇಯರ್‌ಪ್ಲಗ್ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಎಕ್ಸ್‌ರೇ, ಸಿಟಿ, ಪೆಟ್ ಸ್ಕ್ಯಾನ್‌ಗಳಾದರೆ ಎಷ್ಟು ಮಿಲಿಸೀವರ್ಟ್ (ವಿಕಿರಣದ ಅಳತೆ) ಎಂದು ಕೇಳಿ. ಪ್ರಕೃತಿಯಿಂದಲೇ ವರ್ಷಕ್ಕೆ ಜಾಗತಿಕ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ಎಲ್ಲರಿಗೂ ತಗಲುತ್ತದೆ. ಎದೆಯ ಎಕ್ಸ್‌ರೇ 0.1 ಅಥವಾ ಅದಕ್ಕೂ ಕಡಿಮೆ. ಸಿಟಿ ಸ್ಕ್ಯಾನ್ ಅದರ ಹತ್ತಾರು ಪಟ್ಟು.

ಮನೆಯಲ್ಲಿ ಮಾಡಬೇಕಾದ ಕೆಲಸಗಳಲ್ಲಿ ತಪ್ಪಾಗುವುದು ಎಲ್ಲಿ?

24 ಗಂಟೆಯ ಮೂತ್ರ ಸಂಗ್ರಹ ಮೊದಲನೆಯದು. ಬೆಳಿಗ್ಗೆ ಎದ್ದು ಮಾಡಿದ ಮೊದಲ ಮೂತ್ರವನ್ನು ಚೆಲ್ಲಿ ಆ ಸಮಯ ಬರೆದುಕೊಳ್ಳಬೇಕು, ಅದು ಹಿಂದಿನ ರಾತ್ರಿಯದು. ಅಲ್ಲಿಂದ ಪ್ರತಿ ಹನಿಯನ್ನೂ ಕ್ಯಾನಿಗೆ ಹಾಕಿ, ಮರುದಿನ ಅದೇ ಸಮಯದ ಮೊದಲ ಮೂತ್ರವನ್ನು ಸೇರಿಸಿ ಮುಗಿಸಬೇಕು. ಮೊದಲನೆಯದನ್ನೂ ಸೇರಿಸಿದರೆ ಫಲಿತಾಂಶ ಹೆಚ್ಚು ಬರುತ್ತದೆ, ಹೊರಗೆ ಹೋದಾಗ ಒಮ್ಮೆ ತಪ್ಪಿಸಿದರೆ ಕಡಿಮೆ. ತಪ್ಪಿದ್ದರೆ ಹಾಗೆಂದೇ ಬರೆಯಿರಿ, ಮರುದಿನ ಹೊಸದಾಗಿ ಶುರು ಮಾಡಬಹುದು.

ಬಿಪಿ ನೋಡುವಾಗ ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟಕ್ಕಿರಲಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ಕಡಿಮೆ ಬಂದದ್ದನ್ನು ಮಾತ್ರ ಬರೆಯುವುದು ಬಹಳ ಜನರ ಚಾಳಿ.

ಇನ್ನು ಡೈರಿ. ನೋವಿನ ರೋಗಿಗಳಿಗೆ ಕೊಟ್ಟ ಕಾಗದದ ಡೈರಿಯೊಳಗೆ ಬೆಳಕಿನ ಸೆನ್ಸರ್ ಅಡಗಿಸಿಟ್ಟು ನಡೆಸಿದ ಅಧ್ಯಯನವೊಂದರ ವರದಿ 2002ರಲ್ಲಿ ಬಂತು. ಶೇ 90ರಷ್ಟು ನಮೂದುಗಳನ್ನು ಸರಿಯಾದ ಸಮಯಕ್ಕೆ ಬರೆದಿದ್ದೇವೆ ಎಂದು ಅವರು ದಾಖಲಿಸಿದ್ದರು. ಡೈರಿ ತೆರೆದ ಸಮಯದ ಪ್ರಕಾರ ನಿಜವಾಗಿ ಹಾಗೆ ಬರೆದದ್ದು ಶೇ 11 ಮಾತ್ರ. ಉಳಿದದ್ದೆಲ್ಲ ಬೇರೆ ಸಮಯದಲ್ಲಿ ತುಂಬಿದ್ದು. ಮರೆತ ದಿನವನ್ನು ಖಾಲಿ ಬಿಡಿ. ಖಾಲಿ ಜಾಗವನ್ನು ಲೆಕ್ಕಶಾಸ್ತ್ರಜ್ಞರು ನಿಭಾಯಿಸಬಲ್ಲರು, ಕಟ್ಟುಕತೆಯನ್ನು ಪತ್ತೆ ಹಚ್ಚಲಾರರು. ಉಳಿದ ಮಾತ್ರೆಗಳೂ ಹಾಗೇ. ಅವನ್ನು ಚೆಲ್ಲಿ ಖಾಲಿ ಬಾಟಲಿ ತರಬೇಡಿ, ಇದ್ದಷ್ಟನ್ನೂ ಎಣಿಸಲು ಕೊಡಿ.

ಏನಾದರೂ ಹೆಚ್ಚುಕಮ್ಮಿಯಾದರೆ?

ಸಣ್ಣ ತುರಿಕೆಯಿಂದ ಹಿಡಿದು ಎಲ್ಲವನ್ನೂ ವರದಿ ಮಾಡಿ. ಔಷಧದಿಂದ ಆದದ್ದೋ ಅಲ್ಲವೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಆಸ್ಪತ್ರೆಗೆ ದಾಖಲಾದರೆ, ಅದು ಬೈಕಿನಿಂದ ಬಿದ್ದದ್ದಕ್ಕಾಗಿಯಾದರೂ ಸರಿ, ತಕ್ಷಣ ತಿಳಿಸಿ. ಸಂಶೋಧಕರು ಅದನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಮೇಲಕ್ಕೆ ವರದಿ ಮಾಡಬೇಕು.

ದೊಡ್ಡ ಅನಾಹುತ ಅಪರೂಪ, ಆದರೆ ಆಗಿಯೇ ಇಲ್ಲ ಎಂದರೆ ಸುಳ್ಳು. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯ ಔಷಧ ಪಡೆದ ಆರೂ ಮಂದಿ ಆರೋಗ್ಯವಂತ ಯುವಕರು ಕೆಲವೇ ಗಂಟೆಗಳಲ್ಲಿ ತೀವ್ರ ಅಸ್ವಸ್ಥರಾಗಿ ತೀವ್ರ ನಿಗಾ ಘಟಕ ಸೇರಿದರು. ಆರೂ ಮಂದಿ ಬದುಕಿದರು. ಒಬ್ಬರಿಗೆ ಕೊಟ್ಟು ಕೆಲವೇ ನಿಮಿಷಕ್ಕೆ ಇನ್ನೊಬ್ಬರಿಗೆ ಕೊಟ್ಟದ್ದರಿಂದ, ಮೊದಲನೆಯವರ ಸ್ಥಿತಿ ಕೆಡುವಷ್ಟರಲ್ಲಿ ಎಲ್ಲರ ದೇಹಕ್ಕೂ ಔಷಧ ಹೋಗಿಯಾಗಿತ್ತು. 2016ರ ಜನವರಿಯಲ್ಲಿ ಫ್ರಾನ್ಸ್‌ನ ರೆನ್‌ನಲ್ಲಿ ಹಂತ 1ರ ಸ್ವಯಂಸೇವಕರೊಬ್ಬರು ಮೃತಪಟ್ಟರು. ಮನುಷ್ಯರಿಗೆ ಮೊದಲ ಬಾರಿಗೆ ಕೊಡುವ ಔಷಧವಾದರೆ ಈ ಎರಡು ಪ್ರಶ್ನೆ ಕೇಳಿ: ಮೊದಲನೆಯವರಿಗೆ ಕೊಟ್ಟ ಮೇಲೆ ಉಳಿದವರಿಗೆ ಎಷ್ಟು ಹೊತ್ತು ಕಾಯುತ್ತೀರಿ? ತೀವ್ರ ನಿಗಾ ಘಟಕ ಎಷ್ಟು ದೂರದಲ್ಲಿದೆ?

ನಡುವೆ ಬಿಟ್ಟುಬಿಡಬಹುದೇ?

ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು. ಆದರೆ ಫೋನ್ ಎತ್ತದೆ ಮಾಯವಾಗಬೇಡಿ. ಸ್ಟೀರಾಯ್ಡ್, ಖಿನ್ನತೆಯ ಔಷಧ, ಬಿಪಿ ಮತ್ತು ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳಂಥವನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ, ನಿಧಾನವಾಗಿ ಇಳಿಸಬೇಕು. ಬಿಡುವುದರಲ್ಲೂ ಬಗೆಗಳಿವೆ: ಮಾತ್ರೆ ಮಾತ್ರ ನಿಲ್ಲಿಸಿ ತಪಾಸಣೆಗೆ ಬರುತ್ತಿರಬಹುದು, ಫೋನಿನಲ್ಲಿ ಮಾತ್ರ ವಿಚಾರಿಸಿಕೊಳ್ಳಿ ಎನ್ನಬಹುದು, ಪೂರ್ತಿ ಹೊರಬರಬಹುದು. ಅಲ್ಲಿಯವರೆಗಿನ ಮಾಹಿತಿಯನ್ನು ಔಷಧ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ಕೂಡಿಟ್ಟ ರಕ್ತದ ಮಾದರಿ ನಾಶಮಾಡಿ ಎಂದು ಕೇಳಬಹುದು.

ಹಣ ಕೊಡುತ್ತಾರೆಯೇ?

ಪ್ರಯಾಣದ ಖರ್ಚು, ಕಳೆದುಕೊಂಡ ಸಮಯಕ್ಕೆ ಭತ್ಯೆ ಕೊಡುವುದುಂಟು. ರೋಗಿಗಳ ಅಧ್ಯಯನಗಳಲ್ಲಿ ಕಡಿಮೆ. ನಡುವೆ ಬಿಟ್ಟರೂ ಅಲ್ಲಿಯವರೆಗಿನ ಭೇಟಿಗಳ ಪಾಲು ಸಿಗಬೇಕು. ಪೂರ್ತಿ ಮುಗಿಸಿದರೆ ಮಾತ್ರ ಹಣ ಎಂಬ ಷರತ್ತು ಬಿಡುವ ಹಕ್ಕನ್ನೇ ಕಿತ್ತುಕೊಂಡಂತೆ.

ಗರ್ಭಿಣಿಯರು, ಮಕ್ಕಳು ಸೇರಬಹುದೇ?

ಅವರಿಗೆಂದೇ ರೂಪಿಸಿದ ಅಧ್ಯಯನಗಳಿಗೆ ಸೇರಬಹುದು. ಉಳಿದ ಔಷಧ ಟ್ರಯಲ್‌ಗಳಲ್ಲಿ ಗರ್ಭ ಪರೀಕ್ಷೆ, ಗರ್ಭನಿರೋಧ ಕಡ್ಡಾಯವಾಗಿರುತ್ತದೆ, ಕೊನೆಯ ಮಾತ್ರೆಯ ನಂತರವೂ ಸ್ವಲ್ಪ ಕಾಲ. ಗಂಡಸರಿಗೂ ಈ ಷರತ್ತು ಇರುವುದುಂಟು: ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಹಲವೆಡೆ 90 ದಿನ ಎನ್ನುತ್ತಾರೆ. ಆಕಸ್ಮಿಕವಾಗಿ ಗರ್ಭ ನಿಂತರೆ ಮುಚ್ಚಿಡಬೇಡಿ. ಮಕ್ಕಳಾದರೆ ತಂದೆತಾಯಿಯ ಅನುಮತಿ ಬೇಕು, ತಿಳಿವಳಿಕೆ ಬಂದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಮಗು ಬೇಡವೆಂದು ತಲೆಯಾಡಿಸಿದರೆ ಅದಕ್ಕೂ ಬೆಲೆಯಿದೆ.

ನನ್ನ ಮಾಹಿತಿ ಯಾರ ಕೈಗೆ ಹೋಗುತ್ತದೆ?

ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಹಾಕುತ್ತಾರೆ. ಆ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಕಡೆ, ಬೀಗದೊಳಗೆ ಇರುತ್ತದೆ. ಮೂಲ ಕಡತಗಳನ್ನು ನಿಯಂತ್ರಣ ಇಲಾಖೆಯವರು, ಪ್ರಾಯೋಜಕರ ಪರಿಶೀಲಕರು, ಎಥಿಕ್ಸ್ ಕಮಿಟಿಯವರು ನೋಡಬಹುದು. ವಂಶವಾಹಿ ಪರೀಕ್ಷೆ ಇದ್ದರೆ ಇನ್ನೂ ಎಚ್ಚರ. ಡಿಎನ್‌ಎ ನಿಮ್ಮೊಬ್ಬರದೇ ಗುಟ್ಟಲ್ಲ, ಒಡಹುಟ್ಟಿದವರ ಮತ್ತು ಮಕ್ಕಳ ವಿಷಯವನ್ನೂ ಹೇಳುತ್ತದೆ. ಹೆಸರು ತೆಗೆದರೂ ಅದನ್ನು ಪೂರ್ತಿ ಅನಾಮಧೇಯ ಮಾಡುವುದು ಕಷ್ಟ. ವಿಮೆ ಮಾಡಿಸುವಾಗ ಅದನ್ನು ಹೇಳಬೇಕಾಗುತ್ತದೆಯೇ ಎಂಬುದು ದೇಶದ ಕಾನೂನಿನ ಮೇಲೆ ನಿಂತಿದೆ. ಇದನ್ನು ಸಹಿಗೆ ಮೊದಲೇ ಕೇಳಿಕೊಳ್ಳಿ.

ಪರೀಕ್ಷೆಯಲ್ಲಿ ಬೇರೆ ಕಾಯಿಲೆ ಕಂಡರೆ ನನಗೆ ಹೇಳುತ್ತಾರೆಯೇ? ಅಧ್ಯಯನದ ಫಲಿತಾಂಶ?

ಆಕಸ್ಮಿಕವಾಗಿ ಕಂಡದ್ದನ್ನು ಹೇಳುವ ಪದ್ಧತಿ ಒಂದೊಂದು ಕಡೆ ಒಂದೊಂದು ರೀತಿ. ಲಕ್ಷಣಗಳೇ ಇಲ್ಲದವರ ಮಿದುಳಿನ ಎಂಆರ್‌ಐಯಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಅನಿರೀಕ್ಷಿತವಾದದ್ದೇನಾದರೂ ಕಾಣುವುದುಂಟು. ಅದರಲ್ಲಿ ಹಲವಕ್ಕೆ ಚಿಕಿತ್ಸೆ ಬೇಕಾಗುವುದಿಲ್ಲ, ಚಿಂತೆ ಮಾತ್ರ ಅಂಟಿಕೊಳ್ಳುತ್ತದೆ. ನಿಮಗೆ ತಿಳಿಯಬೇಕೋ ಬೇಡವೋ ಎಂಬ ಆಯ್ಕೆಯ ಚೌಕ ಒಪ್ಪಿಗೆ ಪತ್ರದಲ್ಲಿದ್ದರೆ ಯೋಚಿಸಿ ಗುರುತು ಹಾಕಿ. ಇನ್ನೊಂದು ಮಾತು: ಸಂಶೋಧನೆಯ ಸ್ಕ್ಯಾನನ್ನು ರೋಗ ಹುಡುಕುವ ಕಣ್ಣಿನಿಂದ ಯಾರೂ ನೋಡದೆ ಇರಬಹುದು. ಏನೂ ಹೇಳಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದಲ್ಲ.

ಅಧ್ಯಯನದ ಒಟ್ಟು ಫಲಿತಾಂಶಕ್ಕೆ ಕೊನೆಯ ಸ್ವಯಂಸೇವಕರ ಕೊನೆಯ ಭೇಟಿ ಮುಗಿಯುವವರೆಗೆ ಕಾಯಬೇಕು, ಎಷ್ಟೋ ಸಲ ಅದು ವರ್ಷಗಳ ಮಾತು. ನೀವು ಯಾವ ಗುಂಪಿನಲ್ಲಿದ್ದಿರಿ ಎಂಬುದೂ ಸಾಮಾನ್ಯವಾಗಿ ಆಮೇಲೆಯೇ ತಿಳಿಯುವುದು. ಸರಳ ಭಾಷೆಯ ಸಾರಾಂಶ ಕಳಿಸುತ್ತೀರಾ ಎಂದು ಮೊದಲ ದಿನವೇ ಕೇಳಿ. ವಿಳಾಸ ಅಥವಾ ಫೋನ್ ನಂಬರ್ ಬದಲಾದರೆ ತಿಳಿಸಿ, ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅವರು ಕಳಿಸದಿದ್ದರೂ ಆ ಸಂಖ್ಯೆ ಹಾಕಿ ನೀವೇ ಹುಡುಕಬಹುದು.